ಬಳಿಗಾರ ಸರ್ ಬರೆಯದೆ ಬಿಟ್ಟ ಗಿಡ

ಬಳಿಗಾರ ಸರ್ ಮನುಷ್ಯರನ್ನು ಬರೀ ನೋಡುತ್ತಿರಲಿಲ್ಲ, ವರ್ಣಿಸುತ್ತಿದ್ದರು. ಕೊಪ್ಪಳದ ಕಾಲೇಜೊಂದರ ಸಸ್ಯಶಾಸ್ತ್ರ ವಿಭಾಗಕ್ಕೆ ನಾನು ಅಟೆಂಡರ್ ಆಗಿ ಸೇರಿದ ದಿನ, ಆರ್ಡರ್ ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರು ಮೇಜಿನ ಮೇಲಿದ್ದ ಒಣ ಎಲೆಯಿಂದ ಕಣ್ಣೆತ್ತಿ, ನನ್ನನ್ನು ಬುಡದಿಂದ ತುದಿಯವರೆಗೆ ಅಳೆದು, ಪಾಠ ಒಪ್ಪಿಸುವ ದನಿಯಲ್ಲಿ ಶುರುಮಾಡಿದರು: "ಪೊದೆ. ಎತ್ತರ ಐದಡಿ ಎರಡಿಂಚು. ಕಾಂಡ ನೆಟ್ಟಗೆ, ತೆಳ್ಳಗೆ, ಒಳಗೆ ಟೊಳ್ಳು. ತುದಿಯಲ್ಲಿ ರೋಮ ವಿಪುಲ, ಎಣ್ಣೆಯಿಂದ ಹೊಳೆಯುವುದು. ಹೂವು ಕಂಡಿಲ್ಲ, ಹಣ್ಣು ಕಂಡಿಲ್ಲ. ಆವಾಸ ಒಣಭೂಮಿ." ಆಮೇಲೆ ಮಾಮೂಲಿ ದನಿಗೆ ಇಳಿದು, "ಯಾವೂರೋ ತಮ್ಮಾ?" ಅಂದರು.

"ಬೇವೂರ್ರಿ ಸರ್. ಯಲಬುರ್ಗಾ ತಾಲೂಕ."

"ನೋಡು, ಆವಾಸ ಬರೋಬ್ಬರಿ ಹೇಳೇನಿ," ಎಂದು ತಮಗೆ ತಾವೇ ಶಹಬಾಸ್ ಕೊಟ್ಟುಕೊಂಡರು.

ನನ್ನ ಹೆಸರು ಯಮನೂರಪ್ಪ. ನನ್ನ ಕಸುಬು, ಸರ್ಕಾರ ಸಂಬಳ ಕೊಡುವುದನ್ನು ಬಿಟ್ಟರೆ, ಅಣಕಿಸುವುದು. ಸಾಲಿಯಲ್ಲಿ ಹೆಡ್‌ಮಾಸ್ತರರ ಕೆಮ್ಮು, ಊರಲ್ಲಿ ಗೌಡರ ನಡಿಗೆ, ಕುಷ್ಟಗಿ ಬಸ್ಸಿನ ಕಂಡಕ್ಟರ್ ಸೀಟಿ ಊದುವ ಮೊದಲು ತುಟಿ ನೆಕ್ಕಿಕೊಳ್ಳುವುದು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದವು. ನನ್ನನ್ನೇ ನಾನು ಅಣಕಿಸಿಕೊಳ್ಳುತ್ತಿದ್ದುದೂ ಉಂಟು. ಹೆಣ್ಣು ನೋಡಲು ಹೋದಾಗ ನನ್ನ ಮೋರೆ ಹೇಗಿತ್ತೆಂದು ನಾನು ಮಾಡಿ ತೋರಿಸಿದರೆ ಲ್ಯಾಬಿನ ಹುಡುಗಿಯರು ಬಿದ್ದುಬಿದ್ದು ನಗುತ್ತಿದ್ದರು. ಆ ಹೆಣ್ಣು ಒಪ್ಪಲಿಲ್ಲ, ಅದು ಬೇರೆ ಮಾತು.

ಸೇರಿದ ವಾರದೊಳಗೇ ಬಳಿಗಾರ ಸರ್ ನನ್ನ ಸಂಗ್ರಹಕ್ಕೆ ಬಂದರು. ಬರುವಂಥ ಸರಕೇ ಅವರು. ಗುಂಡನೆಯ ಮೈ, ತೋಳು ಮಡಿಚಿದ ಬಿಳಿ ಶರ್ಟು, ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸಣ್ಣ ಲೆನ್ಸು. ಹೊಸಬರು ಅದನ್ನು ತಾಯತ ಅಂದುಕೊಳ್ಳುತ್ತಿದ್ದರು. ಯಾವ ಗಿಡ ಕಂಡರೂ ಬಾಗಿ, ಲೆನ್ಸನ್ನು ಕಣ್ಣಿಗೆ ಒತ್ತಿಕೊಂಡು, ಹೂವನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದರು. ದೂರದಿಂದ ನೋಡಿದವರಿಗೆ ಯಾರೋ ಗಿಡಕ್ಕೆ ಮುತ್ತು ಕೊಡುತ್ತಿದ್ದಾರೆ ಅನ್ನಿಸಬೇಕು. ಕಿತ್ತ ಟೊಂಗೆಗಳನ್ನು ಹಳೆಯ ಪೇಪರಿನ ಹಾಳೆಗಳ ನಡುವೆ ಒತ್ತಿ ಒಣಗಿಸುವುದು ಅವರ ಪದ್ಧತಿ. ದಿನಾ ಬೆಳಿಗ್ಗೆ ಹಾಳೆ ಬದಲಿಸುವಾಗ ಆ ಪೇಪರನ್ನೇ ಓದುತ್ತಿದ್ದರು. ಹಾಗಾಗಿ ಲೋಕದ ಸುದ್ದಿ ಅವರಿಗೆ ಒಂದು ವರ್ಷ ತಡವಾಗಿ ಮುಟ್ಟುತ್ತಿತ್ತು. "ಯಮನೂರ, ಆ ಮಂತ್ರಿ ರಾಜೀನಾಮೆ ಕೊಟ್ಟಾನಂತಲ್ಲೋ!" ಎಂದು ಗಾಬರಿಯಾಗುವರು. ಆ ಮಂತ್ರಿ ಅಷ್ಟರಲ್ಲಿ ಇನ್ನೊಮ್ಮೆ ಗೆದ್ದು ಇನ್ನೊಮ್ಮೆ ರಾಜೀನಾಮೆ ಕೊಟ್ಟಿರುತ್ತಿದ್ದ.

ಒಂದು ಮಧ್ಯಾಹ್ನ ನಾನು ಹುಡುಗರ ಮುಂದೆ ಅವರನ್ನು ಮಾಡಿ ತೋರಿಸುತ್ತಿದ್ದೆ. ನಗು ಇದ್ದಕ್ಕಿದ್ದಂತೆ ನಿಂತಿತು. ತಿರುಗಿದರೆ ಸರ್ ಹಿಂದೆಯೇ ನಿಂತಿದ್ದಾರೆ. ನೌಕರಿ ಹೋಯಿತು ಅಂದುಕೊಂಡೆ. ಅವರು ಗಂಭೀರವಾಗಿ ಹೇಳಿದರು: "ಹೋಲಿಕಿ ಹಿಡದೀ, ಖರೇ. ಹೋಲಿಕಿ ಯಾರರ ಹಿಡೀತಾರೋ. ಉಳಿದ ಮಾಸ್ತರಗಳಕಿಂತ ನಾ ಬ್ಯಾರೆ ಎಲ್ಲಿ ಅದೀನಿ, ಅದನ್ನ ಹಿಡಿ. 'ಆದ್ದರಿಂದ' ಅನ್ನೂಕಿಂತ ಮೊದಲ ನಾ ಮೂಗಿನಾಗ ಒಂದು ಉಸಿರು ಎಳೀತೀನಿ. ಅದನ್ನ ಬಿಟ್ಟೀಯಲ್ಲ!" ತಮ್ಮನ್ನು ಅಣಕಿಸುವುದನ್ನು ತಾವೇ ತಿದ್ದಿ ಕಲಿಸಿದ ಮನುಷ್ಯನನ್ನು ನಾನು ಅದಕ್ಕೆ ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅವತ್ತಿನಿಂದ ನಾನು ಅವರ ಆಳು. ಸಂಬಳದ ಆಳಲ್ಲ, ಮನಸ್ಸಿನ ಆಳು.

ಅವರ ಜೀವವೆಲ್ಲ ಸೇವಂತಿಗೆಯ ಕುಟುಂಬದ ಮೇಲೆ. ಸೂರ್ಯಕಾಂತಿ, ಕುಸುಬಿ, ಚೆಂಡುಹೂವು, ಎಲ್ಲ ಅದೇ ಮನೆತನದವು. "ಇದು ಒಂದು ಹೂವಲ್ಲೋ, ಸಂತಿ," ಎಂದು ಚೆಂಡುಹೂವನ್ನು ಬಿಡಿಸಿ ಒಂದೊಂದು ಎಸಳಿನ ಬುಡದಲ್ಲೂ ಒಂದೊಂದು ಪುಟ್ಟ ಹೂವನ್ನು ತೋರಿಸುವರು. "ನೂರು ಹೂವು ಕೂಡಿ ಒಂದ ಹೂವಿನ ವೇಷ ಹಾಕ್ಯಾವು. ನೀ ಒಬ್ಬಾಂವ ನೂರು ಮಂದಿ ವೇಷ ಹಾಕ್ತಿ. ಇಬ್ಬರೂ ಖೊಟ್ಟಿ!"

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ನಮ್ಮೂರಲ್ಲಿ ಎಲ್ಲರೂ ಹೊಲಕ್ಕೆ ಹೋಗಿ, ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತೇವೆ. ಎಪ್ಪತ್ತರ ದಶಕದ ನಡುವಿನ ಒಂದು ವರ್ಷ ನಾನು ಸರ್ ಅವರನ್ನು ಕರೆದುಕೊಂಡು ಹೋದೆ. ನನ್ನ ಆಯಿ ಸಂಗವ್ವ, ಅಂದರೆ ಅಪ್ಪನ ತಾಯಿ, ಬದುವಿನ ಮೇಲೆ ಕಂಬಳಿ ಹಾಸಿ, ಸಜ್ಜಿ ರೊಟ್ಟಿ, ಎಣಗಾಯಿ ಪಲ್ಲೆ, ಶೇಂಗಾ ಹಿಂಡಿ ಬಡಿಸಿದಳು. ಸರ್ ಎರಡನೆಯ ರೊಟ್ಟಿ ಮುರಿದವರು, ಕೈ ಅಲ್ಲೇ ನಿಲ್ಲಿಸಿದರು. ಅವರ ಕಣ್ಣು ಗುಡಿಸಲಿನ ಗೋಡೆಗೆ ಒರಗಿಸಿದ್ದ ಪೊರಕೆಯ ಮೇಲಿತ್ತು. ಮುಂದಿನ ತಿಂಗಳ ರಾಶಿಗೆ ಕಣ ಗುಡಿಸಲೆಂದು ಆಯಿ ಹೊಸದಾಗಿ ಕಟ್ಟಿಟ್ಟ ಕಡ್ಡಿಪೊರಕೆ ಅದು. ತುದಿಯಲ್ಲಿ ಇನ್ನೂ ಬಾಡದ ನೇರಳೆ ಹೂಗಳಿದ್ದವು. ಸರ್ ಎಂಜಲು ಕೈಯಲ್ಲೇ ಎದ್ದು, ಕಟ್ಟು ಬಿಚ್ಚಿ, ಒಂದೊಂದೇ ಟೊಂಗೆಯನ್ನು ಲೆನ್ಸಿಗೆ ಹಿಡಿದರು.

"ಏನ್ರೀ ಮಾಸ್ತರ," ಆಯಿ ಸೊಂಟದ ಮೇಲೆ ಕೈಯಿಟ್ಟಳು, "ರೊಟ್ಟಿ ಬಿಟ್ಟು ಕಸಬರಿಗಿ ತಿನ್ನಾಕತ್ತೀರಲ್ಲ! ಎಣಗಾಯಿ ಖಾರಾತೇನು?"

"ಅವ್ವಾ, ಇದು ಎಲ್ಲೈತಿ?"

"ಎಲ್ಲಿರತೈತಿ, ಗುಡ್ಡದಾಗ. ಕಣದ ಗಿಡ ಅದು. ನಮ್ಮತ್ತಿ ತೋರಿಸಿದ್ಲು ನನಗ. ಉಳಿದ ಕಡ್ಡಿ ಮುರೀತಾವು, ಇದು ಬಾಗತೈತಿ, ಮುರಿಯಂಗಿಲ್ಲ."

"ಇದರಂಗ ಇನ್ನೊಂದು ಗಿಡ ಇರತೈತಲ್ಲ, ಎಲ್ಲಾ ಕಡೆ ಸಿಗೂದು. ಅದ ಇದು?"

ಆಯಿ ಅವರನ್ನು ಸಣ್ಣ ಹುಡುಗನನ್ನು ನೋಡುವಂತೆ ನೋಡಿದಳು. "ಅದು ಬ್ಯಾರೆ ರೀ ಯಪ್ಪಾ. ಮ್ಯಾಲೆ ನೋಡಾಕ ಒಂದ ನಮೂನಿ. ಈ ಹೂವಿನ ಬುಡ ಹಿಡೀರಿ. ಹಿಡೀರಿ ಅಂದೆ! ಚುಚ್ತಿಲ್ಲೋ? ಅದು ಚುಚ್ಚಂಗಿಲ್ಲ. ಇದರ ಬೀಜದ ಜುಟ್ಟು ಕೆಂಚಗೈತಿ. ಅದರದು ಬೆಳ್ಳಗ."

ಸರ್ ಲೆನ್ಸು ಇಳಿಸಿ, ನನ್ನ ಕಡೆ ತಿರುಗಿದರು. ಅವರ ಮುಖವನ್ನು ನಾನು ಎಂದೂ ಅಣಕಿಸಲಾಗಲಿಲ್ಲ, ಆ ಹೊತ್ತಿನ ಮುಖವನ್ನು. "ಯಮನೂರ," ಅಂದರು ಮೆಲ್ಲಗೆ, "ಈ ಗಿಡ ಇನ್ನೂ ಯಾರ ಪುಸ್ತಕದಾಗೂ ಇಲ್ಲೋ. ನಿಮ್ಮ ಆಯಿ ಇದರ ವರ್ಣನೆ ಆಗಲೇ ಮಾಡಿ ಮುಗಿಸ್ಯಾಳ. ನಾ ಬರೇ ಲ್ಯಾಟಿನ್ನಿಗೆ ಹಾಕಾಂವ."

ಅವತ್ತೇ ಆಯಿ ಮುಂದೆ, ನಾವು ಹಿಂದೆ, ಗುಡ್ಡದ ಇಳಿಜಾರು ಹತ್ತಿದೆವು. ಕಲ್ಲುಬಂಡೆಗಳ ಸಂದಿಯಲ್ಲಿ ಎದೆಯೆತ್ತರದ ಮೂವತ್ತು ನಲವತ್ತು ಪೊದೆಗಳು, ಅಷ್ಟೇ. ಸರ್ ಅಲ್ಲೇ ಬಂಡೆಯ ಮೇಲೆ ಕೂತು ಮಾತು ಕೊಟ್ಟರು: "ಸಂಗವ್ವಾ, ಹೊಸ ಗಿಡಕ್ಕ ಹೆಸರಿಡೂ ಹಕ್ಕು ಮೊದಲು ಬರದಾಂವಂದು. ನಾ ನಿನ್ನ ಹೆಸರ ಇಡತೀನಿ. ಗಂಡಸರ ಹೆಸರಾದ್ರ ಕಡೀಕ 'ಐ' ಬರತೈತಿ, ಹೆಣ್ಣಮಕ್ಕಳದಾದ್ರ 'ಏ'. ವರ್ನೋನಿಯಾ ಸಂಗವ್ವೇ!"

"ಅದೇನ್ರೀ, ಬಾವಿಗೆ ಹೋಗಾಕ ಕರದಂಗಾತಲ್ಲ," ಎಂದು ಆಯಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಬ್ಯಾಡ್ರೀ ಮಾರಾಯ್ರ, ಗಿಡಕ್ಕ್ಯಾಕ ನನ್ನ ಹೆಸರು."

ಬ್ಯಾಡ ಅಂದವಳು ಸಂಜೆಯೊಳಗೆ ಓಣಿಗೆಲ್ಲ ಸುದ್ದಿ ಮಾಡಿದ್ದಳು. ಮರುದಿನದಿಂದ ಯಾರಾದರೂ ಆ ಗುಡ್ಡದಲ್ಲಿ ಕಡ್ಡಿ ಮುರಿದರೆ, "ಏ, ನನ್ನ ಗಿಡಕ್ಕ ಕೈ ಹಚ್ಚಬ್ಯಾಡ, ಪರದೇಶದ ಪುಸ್ತಕದಾಗ ಬರೂದೈತಿ," ಎಂದು ಬಯ್ಯುವಳು. ತಾನು ಮಾತ್ರ ಕಣಕ್ಕೆ ಈಚಲ ಪೊರಕೆ ಕೊಂಡು ತಂದಳು.

ಆಮೇಲೆ ಒಂದು ವರ್ಷ ನಮಗೆ ಅದೇ ಧ್ಯಾನ. ಹೊಸ ಗಿಡವನ್ನು ಬರೆಯಬೇಕಾದರೆ ಮೊಗ್ಗು, ಹೂವು, ಮಾಗಿದ ಬೀಜ, ಎಲ್ಲವೂ ಕೈಯಲ್ಲಿರಬೇಕು. ಭಾನುವಾರಗಳಂದು ಎರಡು ಬಸ್ಸು ಬದಲಿಸಿ ಬೇವೂರಿಗೆ ಹೋಗುವುದು, ಟೊಂಗೆ ತರುವುದು, ಒತ್ತುವುದು, ಸೂಜಿ ದಾರದಿಂದ ದಪ್ಪ ಹಾಳೆಗೆ ಹೊಲಿಯುವುದು. ಹೊಲಿಗೆ ನನ್ನದು, ಅಳತೆ ಅವರದು. ಆಯಿಯ ಕೈಯ ಬುತ್ತಿ ಇಬ್ಬರದೂ. ಆ ಕಾಲಕ್ಕೆ ಹೊಸ ಗಿಡದ ವರ್ಣನೆ ಲ್ಯಾಟಿನ್ನಿನಲ್ಲೇ ಆಗಬೇಕಿತ್ತು. ಸರ್ ಒಂದು ಹರಿದ ವ್ಯಾಕರಣ ಪುಸ್ತಕ ಇಟ್ಟುಕೊಂಡು, ಒಂದೊಂದು ಪದವನ್ನೂ ಗಟ್ಟಿಯಾಗಿ ಉಚ್ಚರಿಸುತ್ತ ಬರೆದರು. ಕೇಳಿ ಕೇಳಿ ನನಗೆ ಅರ್ಥ ಗೊತ್ತಿಲ್ಲದೆಯೇ ಪೂರ್ತಿ ಬಾಯಿಪಾಠವಾಯಿತು. "ಫ್ರುಟೆಕ್ಸ್ ಎರೆಕ್ಟುಸ್, ರಾಮಿಸ್ ಸ್ಟ್ರಿಯಾಟಿಸ್..." ಎಂದು ನಾನು ರಾಗ ತೆಗೆದರೆ, ನಮ್ಮ ಮನೆಗೆ ಬರುವ ಅಯ್ಯನವರು ಮದುವೆ ಮಾಡಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಸರ್ ಒಂದೇ ತಾಕೀತು ಮಾಡಿದ್ದರು: "ಇದು ಅಚ್ಚಾಗೂಮಟ ಹೊರಗ ಯಾರ ಮುಂದೂ ಬ್ಯಾಡಪ್ಪ. ಮೊದಲು ಅಚ್ಚು ಹಾಕಿಸಿದಾಂವಂದ ಗಿಡ."

ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದರು. ದೂರದ ದೊಡ್ಡ ಊರಿನ ವಿದ್ವಾಂಸರು, ಅವರೂ ಇದೇ ಸೇವಂತಿಗೆ ಕುಟುಂಬದ ಮೇಲೆ ಕೆಲಸ ಮಾಡುವವರು. ಕೊನೆಯ ದಿನ ವರಾಂಡದಲ್ಲಿ ಊಟ. ಹೋಳಿಗೆ ಆದಮೇಲೆ ಸರ್ ಅಂದರು: "ಏ ಯಮನೂರ, ಸಾಹೇಬರಿಗೆ ನಮ್ಮನ್ನೆಲ್ಲ ಒಂದೀಟು ಮಾಡಿ ತೋರ್ಸೋ."

ಕುದುರೆಗೆ ಹುಲ್ಲು ತೋರಿಸಿದಂತಾಯಿತು. ಪ್ರಿನ್ಸಿಪಾಲರನ್ನು ಮಾಡಿದೆ, ಹೆಡ್ ಕ್ಲಾರ್ಕನ್ನು ಮಾಡಿದೆ, ಪರೀಕ್ಷಕರು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡದ್ದನ್ನೂ ಮಾಡಿದೆ. ಅವರೇ ಎಲ್ಲರಿಗಿಂತ ಹೆಚ್ಚು ನಕ್ಕರು. "ಬಳಿಗಾರರನ್ನು?" ಎಂದು ಕೇಳಿದರು. ನಾನು ಸರ್ ಕಡೆ ನೋಡಿದೆ. ಸರ್ ನಗುತ್ತ ತಲೆಯಾಡಿಸಿದರು. ಅಷ್ಟು ಸಾಕಾಯಿತು. ಪೊರಕೆ ಬಿಚ್ಚಿದ್ದು, ಆಯಿ ಬೈದದ್ದು, ಹೂವಿನ ಬುಡ ಚುಚ್ಚಿದ್ದು, ಲ್ಯಾಟಿನ್ನು, ಮೂಗಿನ ಉಸಿರು, ಒಂದೂ ಬಿಡಲಿಲ್ಲ. ಚಪ್ಪಾಳೆ ಬಿದ್ದಾಗಲೇ ನನಗೆ ಎಚ್ಚರವಾದದ್ದು. ಸರ್ ಎಲೆಯ ಮೇಲೆ ಉಳಿದ ಹೋಳಿಗೆಯ ಚೂರನ್ನು ನೋಡುತ್ತಿದ್ದರು.

ಮುಂದಿನ ವರ್ಷ ಮಳೆ ಶುರುವಾದ ಮೇಲೆ, ಒಂದು ಬೆಳಿಗ್ಗೆ ಸರ್ ಲ್ಯಾಬಿಗೆ ಬಂದು ಸ್ಟೂಲಿನ ಮೇಲೆ ಕೂತರು. ಹಾಳೆ ಬದಲಿಸಲಿಲ್ಲ.

"ಗಿಡ ಹೋತೋ, ಯಮನೂರ."

"ಯಾರ್ರೀ ಕಡದ್ರು?"

"ಕಡೀಲಿಲ್ಲ. ಬರದ್ರು. ಆ ಪರೀಕ್ಷಕ ಅಚ್ಚು ಹಾಕಿಸ್ಯಾನ, ಬ್ಯಾರೆ ಹೆಸರಿಟ್ಟು. ಅವತ್ತು ನೀ ಎಲ್ಲಾ ಹೇಳೀಯಲ್ಲ, ಊರು, ಗುಡ್ಡ, ಲ್ಯಾಟಿನ್ ಸೈತ."

ನಾನು ಅವರ ಕಾಲ ಮೇಲೆ ಬಿದ್ದೆ. ನಾಟಕಕ್ಕಲ್ಲ, ಖರೇನೇ ಬಿದ್ದೆ. ಅವರು ನನ್ನ ತೋಳು ಹಿಡಿದು ಎಬ್ಬಿಸಿದರು. "ಹೋಗ್ಲಿ ಬಿಡು. ನೀ ಬೇಕಂತ ಮಾಡಿಲ್ಲ. ಆ ಪತ್ರಿಕಿ ಮಾತ್ರ ನನ್ನ ಮುಂದ ಯಾರೂ ತರಬ್ಯಾಡ್ರಿ," ಅಂದರು. ಅದನ್ನು ತರುವವರಾದರೂ ಯಾರು? ಅದು ಕೊಪ್ಪಳಕ್ಕೆ ಬರುತ್ತಲೇ ಇರಲಿಲ್ಲ.

ಒಂದು ಬೈಗುಳವಿಲ್ಲ, ಒಂದು ಗದರಿಕೆಯಿಲ್ಲ. ಕಾಲೇಜಿನ ತುಂಬ ಅದೇ ಮಾತಾಯಿತು. ಎಂಥಾ ದೊಡ್ಡ ಮನಸ್ಸು ಬಳಿಗಾರರದು, ಜೀವಮಾನದ ಕೆಲಸ ಹಾಳು ಮಾಡಿದವನನ್ನು ಕ್ಷಮಿಸಿಬಿಟ್ಟರು. ನನ್ನನ್ನು ಕಂಡರೆ ಜವಾನನಿಂದ ಹಿಡಿದು ಎಲ್ಲರೂ "ಬಾಯಿ ಬಂತು" ಅನ್ನತೊಡಗಿದರು. ನಾನು ಅಣಕಿಸುವುದನ್ನು ಬಿಟ್ಟೆ. ಎಂಟು ವರ್ಷ ನನ್ನ ಗಂಟಲಲ್ಲಿ ನಾನೊಬ್ಬನೇ ಇದ್ದೆ, ಬಹಳ ಬೇಸರದ ಸಂಗಾತಿ. ಸರ್‌ಗೆ ಟೀ ತರುವುದು, ಚೀಲ ಹೊರುವುದು, ಅವರ ಮನೆಯ ರೇಷನ್ ಸಾಲಿನಲ್ಲಿ ನಿಲ್ಲುವುದು, ಯಾವುದಕ್ಕೂ ಹೇಳಿಸಿಕೊಳ್ಳಲಿಲ್ಲ. ತಪ್ಪು ಮಾಡಿದವನು ಪ್ರೀತಿಯಿಂದ ದುಡಿದಷ್ಟು ಸಂಬಳ ತೆಗೆದುಕೊಳ್ಳುವವನು ದುಡಿಯುವುದಿಲ್ಲ.

ಆಯಿಗೆ ಹೇಳಬೇಕಾಗಿ ಬಂತು. ಜೋಳ ಹಸನು ಮಾಡುತ್ತಿದ್ದಳು. ಕೇಳಿ, ಮೊರ ಕೆಳಗಿಟ್ಟಳು. "ಯಾರ ಹೆಸರಿಟ್ರಂತ?"

"ಗೊತ್ತಿಲ್ಲ, ಆಯಿ."

"ಹೂಂ," ಅಂದಳು. ಮೊರ ಮತ್ತೆ ಕೈಗೆತ್ತಿಕೊಂಡು, "ಮಾಸ್ತರರಿಗೆ ಭಾಳ ಕೆಟ್ಟ ಅನಿಸಿರಬೇಕು ಪಾಪ," ಅಂದಳು. ತನಗೆ ಅನಿಸಿದ್ದನ್ನು ಹೇಳಲಿಲ್ಲ. ಆದರೆ ಅಂದಿನಿಂದ ನಾನು ಅಡುಗೆ ಮನೆಗೆ ಕಾಲಿಟ್ಟರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಚೇಷ್ಟೆಗೇ ಶುರುವಾದದ್ದು, ಆಮೇಲೆ ರೂಢಿಯಾಯಿತು. ಎರಡು ವರ್ಷದ ನಂತರ ಆಯಿ ಹಾಸಿಗೆ ಹಿಡಿದಳು. ಕೊನೆಯ ದಿನ ಅಪ್ಪನನ್ನೂ ಅತ್ತೆಯಂದಿರನ್ನೂ ಹತ್ತಿರ ಕರೆದು ಏನೋ ಹೇಳಬೇಕಿತ್ತು ಅವಳಿಗೆ. ನನ್ನನ್ನು ಕಂಡು, ಅಪ್ಪನಿಗೆ ಅಂದಳು: "ಯಮನೂರನ್ನ ಒಂದೀಟು ಹೊರಗ ಕಳಸು. ಆಮ್ಯಾಲ ಹೇಳ್ತೀನಿ."

ನಾನು ಅಂಗಳದಲ್ಲಿ ದನದ ಗೂಟಕ್ಕೆ ಒರಗಿ ನಿಂತೆ. ಒಳಗಿನಿಂದ ಅಳು ಕೇಳಿದ ಮೇಲೆಯೇ ನನ್ನನ್ನು ಕರೆದದ್ದು.

ಎಂಬತ್ತರ ದಶಕ ಬಂತು. ಸರ್ ನಿವೃತ್ತರಾಗಿ ಗಂಗಾವತಿಯಲ್ಲಿ ಕಟ್ಟಿಸಿದ ಮನೆಗೆ ಹೋದರು. ನಾನು ಸಾಮಾನು ಲಾರಿಗೆ ಹೇರಿ ಕೊಟ್ಟೆ. "ಬಾರೋ ಒಮ್ಮಿ" ಎಂದು ಅವರು ಕರೆಯಲಿಲ್ಲ. ಗಡಿಬಿಡಿಯಲ್ಲಿ ಮರೆತಿರಬೇಕು ಅಂದುಕೊಂಡೆ.

ಅದಾಗಿ ವರ್ಷದ ಮೇಲೆ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಲ್ಯಾಬಿಗೆ ಬಂದರು. ಒಬ್ಬನ ಕೈಯಲ್ಲಿ ಅಚ್ಚಾದ ನಾಲ್ಕು ಹಾಳೆಗಳ ಜೆರಾಕ್ಸ್. ಬೇವೂರಿನ ಗುಡ್ಡದಲ್ಲಿರುವ ಒಂದು ಪೊದೆಯನ್ನು ನೋಡಬೇಕಂತೆ.

"ಹೆಸರೇನ್ರಿ?" ಎಂದೆ, ಒಳಗೊಳಗೇ ಹಲ್ಲು ಕಚ್ಚಿ.

"ವರ್ನೋನಿಯಾ ಬಳಿಗಾರೈ."

ನಾನು ಇನ್ನೊಮ್ಮೆ ಕೇಳಿದೆ. ಅವನು ಇನ್ನೊಮ್ಮೆ ಹೇಳಿ, "ನಿಮ್ಮ ಕಾಲೇಜಿನಲ್ಲೇ ಇದ್ದವರಲ್ಲವೇ, ಬಳಿಗಾರ ಸರ್? ಅವರ ಗೌರವಾರ್ಥ ಇಟ್ಟದ್ದು," ಅಂದ. ಕೊನೆಯ ಹಾಳೆಯ ಕೃತಜ್ಞತೆಯ ಸಾಲುಗಳನ್ನು ನನ್ನ ಒತ್ತಾಯಕ್ಕೆ ಕನ್ನಡದಲ್ಲಿ ಬಿಡಿಸಿ ಹೇಳಿದ. ಒಣ ಮಾದರಿಗಳನ್ನೂ ಸಂಪೂರ್ಣ ವರ್ಣನೆಯನ್ನೂ ಬಳಿಗಾರರು ತಾವಾಗಿ ತನಗೆ ಒಪ್ಪಿಸಿದ್ದಾರೆ, ಅದಕ್ಕೆ ಲೇಖಕ ಋಣಿ. ಅದರ ಕೆಳಗೆ, ಮಾದರಿಗಳು ಅವರ ಕೈ ಸೇರಿದ ತಿಂಗಳು. ನಾನು ವರಾಂಡದಲ್ಲಿ ಕುಣಿದ ಪರೀಕ್ಷೆಗೂ ನಾಲ್ಕು ತಿಂಗಳು ಹಿಂದಿನದು.

"ತಾವ ಬರೀಬಹುದಿತ್ತಲ್ರಿ?" ಎಂದೆ.

"ಬರೆಯಬಹುದಿತ್ತು. ಆದರೆ ನಮ್ಮಲ್ಲಿ ತಾನು ಬರೆದ ಗಿಡಕ್ಕೆ ತನ್ನದೇ ಹೆಸರಿಡುವುದು ಮರ್ಯಾದೆಯಲ್ಲ. ತನ್ನ ಹೆಸರು ಗಿಡಕ್ಕೆ ಬರಬೇಕೆಂದರೆ ಇನ್ನೊಬ್ಬರು ಬರೆಯಬೇಕು."

ಆಗ ನೆನಪಾಯಿತು. ಆ ಪರೀಕ್ಷೆಗೆ ಮುಂಚಿನ ಚಳಿಗಾಲ ಸರ್ ನನ್ನ ಕೈಯಿಂದ ಒಂದು ಪಾರ್ಸಲ್ ಅನ್ನು ಬಟ್ಟೆಯಲ್ಲಿ ಹೊಲಿಸಿ, ಅರಗು ಹಾಕಿಸಿ, ರಿಜಿಸ್ಟರ್ ಮಾಡಲು ಕಳಿಸಿದ್ದರು. "ಉತ್ತರಪತ್ರಿಕಿ ಅದಾವು, ಮಡಚಬ್ಯಾಡ," ಅಂದಿದ್ದರು. ನಾನು ಅದನ್ನು ಎದೆಗೆ ಅವಚಿಕೊಂಡು, ಸೈಕಲ್ಲು ಕೂಡ ಹತ್ತದೆ, ಅಂಚೆ ಕಚೇರಿವರೆಗೆ ನಡೆದೇ ಹೋಗಿದ್ದೆ. ಬರೆದ ಕಾಗದ ಇಷ್ಟು ಹಗುರ ಹೇಗೆ ಎಂದು ನನ್ನ ಟೊಳ್ಳು ಕಾಂಡಕ್ಕೆ ಹೊಳೆಯಲಿಲ್ಲ.

ಹುಡುಗರಿಗೆ ಗಿಡ ತೋರಿಸಿ, ಮುಂದಿನ ಭಾನುವಾರ ಹಿಟ್ನಾಳದ ಮೇಲೆ ಹಾದು ಗಂಗಾವತಿಗೆ ಹೋದೆ. ಕಾಲುವೆಯ ಆಚೆ ಹೊಸ ಬಡಾವಣೆ, ಸುತ್ತ ಭತ್ತದ ಗದ್ದೆ. ಬಾಗಿಲು ತೆಗೆದವರು ಸರ್. ನನ್ನನ್ನು ಕಂಡು ಖುಷಿಪಟ್ಟರು, ಸುಳ್ಳು ಹೇಳಬಾರದು, ಖರೇನೇ ಖುಷಿಪಟ್ಟರು. ಆಮೇಲೆ ಒಮ್ಮೆಲೇ ಗೋಡೆಯ ಕಡೆ ನೋಡಿ, ಅಲ್ಲಿಗೇ ಹೋಗಿ ಬೆನ್ನು ಕೊಟ್ಟು ನಿಂತರು. "ಕೂಡ್ರೋ, ಕೂಡ್ರು." ತಾವು ಕೂಡಲಿಲ್ಲ.

ಅಮ್ಮನವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದರು. "ಯಮನೂರಪ್ಪ, ಈ ಮನೀಗೆ ಮೊದಲನೇ ಸಲ ಬಂದೀಯಲ್ಲ. ಏನ್ರೀ, ಸರೀರಿ ಅತ್ಲಾಗ, ಅವಂಗ ತೋರಿಸ್ರಿ," ಎಂದು ಗಂಡನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ನೋಡಪಾ, ನಿಮ್ಮ ಸರ್ ಹೆಸರಿನ ಗಿಡ! ಮೊದಲ ಇಲ್ಲಿ ಮಗಳ ಮದುವಿ ಫೋಟೋ ಇತ್ತು. ಅದನ್ನ ತಗಸಿ ಇದನ್ನ ಹಾಕಿಸ್ಯಾರ."

ಗಾಜಿನ ಕಟ್ಟಿನೊಳಗೆ ಅಚ್ಚಾದ ಹಾಳೆ. ನಮ್ಮ ಗುಡ್ಡದ ಟೊಂಗೆಯ ಚಿತ್ರ. ಕೆಳಗೆ ದಪ್ಪ ಅಕ್ಷರದ ಹೆಸರು. ಅಮ್ಮನವರು ಟೀ ಇಡಲು ಒಳಗೆ ಹೋದರು.

ನಾನು ಏನನ್ನೂ ಕೇಳುವ ಮೊದಲೇ ಸರ್ ಅಂದರು: "ಮೂವತ್ತೊಂದು ವರ್ಷ ಗಿಡಾ ಎಣಿಸಿದ್ನೋ ಯಮನೂರ. ಮಂದಿ ಬರದದ್ದನ್ನ ಹುಡುಗರಿಗೆ ಹೇಳಿದೆ. ನನ್ನ ಹೆಸರು ಎಲ್ಲ್ಯೂ ಇರಲಿಲ್ಲ."

"ಅದು ತಿಳೀತ್ರಿ. ನೀವು ನಮ್ಮ ಆಯಿಗೆ 'ಸಂಗವ್ವಾ, ನನಗೂ ಆಸಿ ಐತಿ' ಅಂದಿದ್ರ ಅಕಿ ನಕ್ಕೊಂತ ಕೊಟ್ಟುಬಿಡ್ತಿದ್ಲು. ನನ್ನ ಮ್ಯಾಲೆ ಯಾಕ ಹಾಕಿದ್ರಿ?"

"ಮಾತು ಕೊಟ್ಟಿದ್ನಲ್ಲೋ. ಹೆಂಗ ಮಾರಿ ತೋರಿಸಲಿ? ನೀ ಅವತ್ತು ಊಟದಾಗ ಎಲ್ಲಾ ಮಾಡಿ ತೋರಿಸಿದಿ. ಅದು ತಾನಾಗೇ ಒದಗಿ ಬಂತು."

"ತಾನಾಗೇ? ಮಾಡು ಅಂತ ನೀವ ಹೇಳಿದ್ರಿ, ಸರ್."

ಅವರು ಬಜ್ಜಿಯ ತೊಟ್ಟು ಮುರಿದು ತಟ್ಟೆಯ ಅಂಚಿಗೆ ಇಟ್ಟರು. ಆಮೇಲೆ, ನನಗೆ ಸಮಾಧಾನ ಹೇಳುವವರ ಹಾಗೆ, ಬಹಳ ಪ್ರೀತಿಯಿಂದ ಅಂದರು: "ನೀ ನಗಸಾಂವಲ್ಲೋ. ಯಾರು ಏನಂದ್ರೂ ನಕ್ಕು ಬಿಡಾಂವ. ನಿನಗೇನಾಗತೈತಿ ಅನಕೊಂಡೆ."

"ನನಗೇನೂ ಆಗಲಿಲ್ರಿ," ಎಂದೆ. "ಆಯಿ ಸಾಯೂ ಮುಂದ ನನ್ನ ಹೊರಗ ಕಳಿಸಿದ್ಲು. ಮನ್ಯಾಗಿನ ಮಾತು ನನ್ನ ಕಿವೀಗೆ ಬೀಳಬಾರದು ಅಂತ."

ಸರ್ ತಲೆ ಮೇಲೆತ್ತಲಿಲ್ಲ. ಟೀ ಬಂತು, ಆರಿತು. ಹೊರಡುವಾಗ ನಾನು ಒಂದೇ ಒಂದು ಕೇಳಿದೆ. ಬೇವೂರಿಗೆ ಬಂದು, ನಮ್ಮಪ್ಪನ ಮುಂದೆ, ಓಣಿಯ ನಾಲ್ಕು ಮಂದಿ ಮುಂದೆ, ಯಮನೂರನ ಬಾಯಿಂದ ಹೋದದ್ದಲ್ಲ ಅಂತ ಹೇಳಬೇಕು. ಹೆಸರು ಈಗ ಬದಲಾಗುವುದಿಲ್ಲ ಅಂತ ನನಗೂ ಗೊತ್ತು. ಅಚ್ಚಾದ ಮೇಲೆ ಅದು ಶಾಶ್ವತ.

"ಬರ್ತೀನೋ. ಈ ಚಳಿ ಒಂದು ಕಳೀಲಿ," ಅಂದರು. ಬಾಗಿಲವರೆಗೆ ಬಂದು, ಹೆಗಲ ಮೇಲೆ ಕೈಯಿಟ್ಟರು. ಆ ಕೈಯನ್ನು ತೆಗೆದುಹಾಕುವ ಮನಸ್ಸು ನನಗೆ ಆಗಲಿಲ್ಲ. ಅದು ನನಗೆ ಇವತ್ತಿಗೂ ಸಿಟ್ಟು ತರಿಸುವ ಸಂಗತಿ.

ಚಳಿ ಕಳೆಯಿತು, ಬೇಸಿಗೆ ಕಳೆಯಿತು. ನಾನು ಎರಡು ಕಾರ್ಡು ಬರೆದೆ. ಮಳೆಗಾಲದಲ್ಲಿ ಅವರು ಎದೆನೋವಿನಿಂದ ತೀರಿಕೊಂಡ ಸುದ್ದಿ ಬಂತು.

ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ. ಫೋಟೋಕ್ಕೆ ಸೇವಂತಿಗೆ ಹಾರ. ಒಬ್ಬರಾದ ಮೇಲೆ ಒಬ್ಬರು ಅವರ ದೊಡ್ಡ ಮನಸ್ಸನ್ನು ಹೊಗಳಿದರು. ಹೊಗಳಿದವರೆಲ್ಲ ನನ್ನ ಕಡೆ ಒಮ್ಮೆ ನೋಡಿಯೇ ಹೊಗಳಿದರು. ಕೊನೆಗೆ ಪ್ರಿನ್ಸಿಪಾಲರು, ಸಭೆ ಬಹಳ ಭಾರವಾಯಿತು ಅನ್ನಿಸಿರಬೇಕು, "ಯಮನೂರಪ್ಪ, ಭಾಳ ವರ್ಷಾತು ನಿನ್ನ ಆಟ ನೋಡಿ. ಸರ್ ನಿನ್ನ ಮ್ಯಾಲೆ ಜೀವಾ ಇಟ್ಟಿದ್ರು. ಅವರನ್ನ ಒಂದು ಸಲ ಮಾಡಿ ತೋರಿಸು, ಅವರ ಆತ್ಮಕ್ಕೂ ಖುಷಿ ಆಗಲಿ," ಅಂದರು.

ನಾನು ಎದ್ದು ಮುಂದೆ ಹೋದೆ. ತೋಳು ಮಡಿಚಿದೆ. ಇಷ್ಟು ವರ್ಷ ಸುಮ್ಮನಿದ್ದ ಗಂಟಲು ಬರುತ್ತದೋ ಇಲ್ಲವೋ ಎಂಬ ಹೆದರಿಕೆ ಇತ್ತು. ಬಂತು. ಮೊದಲ ಶಬ್ದಕ್ಕೇ ಹಿಂದಿನ ಬೆಂಚಿನಲ್ಲಿ ಯಾರೋ "ಅಬ್ಬಾ" ಎಂದರು. ಸರ್ ದನಿಯಲ್ಲಿ ನಾನು ಹೇಳಿದೆ: "ನಾ ಚಂದ್ರಶೇಖರ ಬಳಿಗಾರ. ಬೇವೂರ ಸಂಗವ್ವನ ಗಿಡಾನ ನಾನ ಕೊಟ್ಟೆ, ನನ್ನ ಹೆಸರು ಬರ್ಲಿ ಅಂತ. ಪಾರ್ಸಲ್ ಈ ಯಮನೂರನ ಕೈಲೇನ ಕಳಿಸಿದೆ. ಆಮ್ಯಾಲೆ, ಗಿಡ ಹೋಗಿದ್ದು ಇವನ ಬಾಯಿಂದ ಅಂದೆ. ಸುಳ್ಳು ಹೇಳಿದೆ. ಇವಂದೇನೂ ತಪ್ಪಿಲ್ಲ."

ಅಣಕದಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ, ಅದು ನನಗೂ ಗೊತ್ತು. ಅಂಥಾ ದನಿಯನ್ನು ನಾನು ಅದಕ್ಕೆ ಮುಂಚೆ ಎಂದೂ ತೆಗೆದಿರಲಿಲ್ಲ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡರು.

"ಸರ್ ಎದ್ದು ಬಂದಂಗಾತು ನೋಡು," ಅಂದರು. "ಭಾಳ ಛಲೋ ಮಾಡ್ದಿ. ಆದ್ರ ತಮ್ಮಾ, ಸತ್ತವರ ಬಾಯಾಗ ಇಲ್ಲದ್ದು ಹಾಕಬಾರದಪ್ಪ."

ಎಲ್ಲರೂ ಹೌದೆಂದು ತಲೆಯಾಡಿಸಿದರು. ಆಮೇಲೆ ಎರಡು ನಿಮಿಷ ಮೌನ. ಎಲ್ಲರೂ ಎದ್ದು ತಲೆ ತಗ್ಗಿಸಿ ನಿಂತರು. ನಾನೂ ನಿಂತೆ. ತಲೆ ಮಾತ್ರ ತಗ್ಗಿಸಲಿಲ್ಲ.